ಆರು ಗಂಟೆಯ ಹೆಬ್ಬೆರಳು

ಸಂಜೆ ಆರಕ್ಕೆ ಇಡೀ ಆಫೀಸು ಸಾಲುಗಟ್ಟಿ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿತು. ನಾನೂ ಒತ್ತಿ, ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಹತ್ತಿರ ಹೋದೆ. ತಿರುಗಿ ನೋಡಿದರೆ ಎಲ್ಲರೂ ವಾಪಸ್ ಹೋಗಿ ತಂತಮ್ಮ ಕುರ್ಚಿಯಲ್ಲಿ ಕೂತಿದ್ದಾರೆ! ದಿಲ್ಲಿ ಪಕ್ಕದ ಗುರುಗ್ರಾಮದಲ್ಲಿ ಅದು ನನ್ನ ಮೊದಲ ದಿನ.

"ಅರೇ, ಕಹಾಂ ಚಲೀ?" ಎಲ್ಲಿಗೆ ಹೊರಟೆ ಎಂದು ಪಕ್ಕದ ಸೀಟಿನ ಪೂಜಾ ನಕ್ಕಳು. ದಿಲ್ಲಿಯ ರೋಹಿಣಿ ಬಡಾವಣೆಯ ಹುಡುಗಿ. ಆರಕ್ಕೆ ಮುಗಿಯುವುದು ಹಾಜರಿಯಂತೆ, ಕೆಲಸವಲ್ಲವಂತೆ.

ಹಾವೇರಿಯಲ್ಲಿ ನಾನಿದ್ದ ಸಹಕಾರ ಸಂಘದಲ್ಲಿ ಐದೂವರೆಯಾದರೆ ಜವಾನ ಬೀಗ ಹಿಡಿದು ಬಾಗಿಲಲ್ಲಿ ಕೆಮ್ಮುತ್ತಿದ್ದ. ಇಲ್ಲಿ ಒಂಬತ್ತಾದರೂ ಕೇಳುವವರಿಲ್ಲ. ಬಾಡಿಗೆ ಕೋಣೆಯಲ್ಲಿ ರಾಜ್ಮಾ, ಅಂದರೆ ದಪ್ಪ ಕೆಂಪು ಕಾಳಿನ ಸಾರು, ಅನ್ನಕ್ಕೆ ಕಲಸುವಾಗಲೇ ಕಣ್ಣು ಮುಚ್ಚುತ್ತವೆ. ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

ನಾವು ಯುವಜನರ ಉದ್ಯೋಗ ಯೋಜನೆಯಡಿ ಬಂದ ತರಬೇತಿಯವರು. ದಿನಕ್ಕೆ ಎಂಟೇ ಗಂಟೆ ಕೆಲಸ ಎನ್ನುವುದು ಹೊಸ ನಿಯಮ. ಆದರೆ ಆರು ತಿಂಗಳ ನಂತರ ಯಾರು ಕಾಯಂ ಎನ್ನುವುದು ಮ್ಯಾನೇಜರ್ ಕೈಯಲ್ಲಿ. ಸಂಘ ಮುಚ್ಚಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಅದೆಂಥ ಭಯ ಎಂದು ಬಿಡಿಸಿ ಹೇಳಬೇಕೇ?

ಪೂಜಾ ಒಂದು ದಿನ ಮೆಟ್ರೋದಲ್ಲಿ ತಲೆಸುತ್ತಿ ಬಿದ್ದಳು. ಅದೇ ವಾರ ಯೋಜನೆಯ ತಪಾಸಣೆಗೆ ದೆಹಲಿಯಿಂದ ಅಧಿಕಾರಿಯೊಬ್ಬರು ಬರುವ ಸುದ್ದಿ ಬಂತು. "ನಾನು ಎಲ್ಲಾ ಹೇಳಿಬಿಡ್ತೀನಿ. ನೀನು ಹೌದು ಅಂದ್ರೆ ಸಾಕು," ಎಂದಳು. ಆಗಲಿ ಎಂದೆ.

ಅಧಿಕಾರಿ ಬಂದ ದಿನ ಅವಳು ಹೇಳಿಯೇಬಿಟ್ಟಳು, ಮ್ಯಾನೇಜರ್ ಎದುರಿಗೇ. ಅಧಿಕಾರಿ ನನ್ನ ಕೊರಳಿನ ಕಾರ್ಡು ನೋಡಿದರು.

"ಹಿರೇಮಠ! ನಮ್ಮ ಕಡೆಯವರೇ ಅಲ್ವೇನಮ್ಮಾ?"

ಅಯ್ಯೋ, ಕನ್ನಡ!

"ಇವರಿಗೆ ನಮ್ಮ ಮಾತು ತಿಳಿಯಲ್ಲ. ಧೈರ್ಯವಾಗಿ ಹೇಳಿ. ಆ ಹುಡುಗಿ ಹೇಳಿದ್ದು ನಿಜಾನಾ?"

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ಕನ್ನಡದಲ್ಲಿ ಉತ್ತರಿಸಿದರೆ ಚಾಡಿ ಹೇಳಿದೆನೆಂದೇ ಲೆಕ್ಕ. ಬಾಯಿ ತಾನಾಗಿ ಹಿಂದಿಗೆ ಹೊರಳಿತು.

"ನಹೀಂ ಸರ್. ಛೇ ಬಜೇ ಛುಟ್ಟಿ ಹೋ ಜಾತೀ ಹೈ." ಇಲ್ಲ ಸರ್, ಆರಕ್ಕೆ ಬಿಡುತ್ತಾರೆ.

ಪೂಜಾ ತಲೆ ಎತ್ತಲಿಲ್ಲ. ಅಧಿಕಾರಿ ನನ್ನನ್ನು ಒಂದು ಕ್ಷಣ ನೋಡಿ, "ಹಿಂದಿ ಚೆನ್ನಾಗಿ ಕಲಿತಿದ್ದೀರಿ" ಎಂದು ಪೆನ್ನು ಮುಚ್ಚಿದರು.

ಕಾಯಂ ಪಟ್ಟಿಯಲ್ಲಿ ನನ್ನ ಹೆಸರಿದೆ, ಪೂಜಾಳದ್ದಿಲ್ಲ. ಅವ್ವ ಊರಲ್ಲಿ ಓಣಿಗೆಲ್ಲ ಪೇಢೆ ಹಂಚಿದಳಂತೆ. ನನಗೆ ನನ್ನ ಮೇಲೇ ಹೇಸಿಗೆ. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸುತ್ತದೆ. ಆದರೆ ದಿಲ್ಲಿಯ ಕೆಲಸ ಹೇಗಿತ್ತು ಎಂದು ಅಲ್ಲಿ ಎಲ್ಲರೂ ಕನ್ನಡದಲ್ಲೇ ಕೇಳುತ್ತಾರೆ.