ಡಿಗ್ರಿ ಬೇಡ ಎಂದವನ ಹೆಂಡತಿ

ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವಳು ಟೀಚರ್ ಆಗಿಯೇ ಉಳಿದಿದ್ದಳು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಗಂಡನನ್ನು ಜನ ಚೀಲದ ಸಾಹುಕಾರ ಎನ್ನುತ್ತಿದ್ದರು. ಶಾಲಾ ಮಕ್ಕಳ ಬೆನ್ನುಚೀಲ ಹೊಲಿಸುವ ಕಾರ್ಖಾನೆ ಅವನದು.

ಇಬ್ಬರೂ ಒಂದೇ ಕಾಲೇಜಿನಲ್ಲಿ ಓದುತ್ತಿದ್ದವರು. ಕೊನೆಯ ವರ್ಷ ಅವನು, "ಇಲ್ಲಿ ಕೂತು ಬೆಂಚು ಸವೆಸೋದು ನನ್ನ ಕೈಲಾಗಲ್ಲ" ಎಂದು ಎದ್ದು ಹೋದ. ಅವಳು ಕೂತಳು, ಪಾಸಾದಳು, ಕೆಲಸ ಹಿಡಿದಳು, ಆಮೇಲೆ ಅವನನ್ನೇ ಮದುವೆಯಾದಳು. ಮೊದಲು ಅವನು ಮೇಣದಬತ್ತಿ ಮಾಡಿದ. ಬಿಸಿಲಿಗೆ ಬಾಗಿ ಡೊಂಕಾದವು. ಆಮೇಲೆ ಪ್ಲಾಸ್ಟಿಕ್ ಡಬ್ಬ ಮಾರಿದ. ಮುಚ್ಚಳಗಳು ಒಂದಕ್ಕೂ ಕೂರಲಿಲ್ಲ. ತವರಿನವರು "ಅಳಿಯಂದಿರು ಏನ್ ಮಾಡ್ತಿದ್ದಾರೆ?" ಎಂದು ಕೇಳಿದಾಗಲೆಲ್ಲ ಅವಳು "ಬಿಸಿನೆಸ್" ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಮನೆ ಬಾಡಿಗೆ, ಅಕ್ಕಿ, ಅತ್ತೆಯ ಔಷಧಿ ಎಲ್ಲವೂ ಅವಳ ಸಂಬಳದಲ್ಲೇ ನಡೆಯುತ್ತಿದ್ದವು. ಅವನು ಮತ್ತೆ ಸೋಲಬಹುದಾಗಿತ್ತು. ಸೋತರೂ ಸಂಜೆ ತಟ್ಟೆಯಲ್ಲಿ ಊಟ ಇರುತ್ತಿತ್ತು.

ಚೀಲದ ಮೊದಲ ಆರ್ಡರ್ ಬಂದದ್ದೂ ಅವಳ ಶಾಲೆಯಿಂದಲೇ. ಹೆಡ್‌ಮಿಸ್ಟ್ರೆಸ್ ಹಿಂದೆ ಬಿದ್ದು, "ಒಂದು ಸಲ ನೋಡಿ ಮೇಡಂ, ಹೊಲಿಗೆ ಗಟ್ಟಿಯಾಗಿದೆ" ಎಂದು ಗೋಗರೆದು ತಂದುಕೊಟ್ಟಳು. ಅಲ್ಲಿಂದ ಅವನ ದೆಸೆ ತಿರುಗಿತು. ಶೆಡ್ಡು ಹೋಗಿ ಕಾರ್ಖಾನೆಯಾಯಿತು, ಸ್ಕೂಟರ್ ಹೋಗಿ ಕಾರು ಬಂತು. "ನನ್ನ ಹೆಂಡ್ತಿ ಇನ್ನೊಬ್ಬರ ಹತ್ರ ಕೈಕಟ್ಟಿ ನಿಲ್ಲೋದಾ? ಬಿಟ್ಟುಬಿಡು" ಎಂದ. ಬಿಟ್ಟಳು. ಸೀಮೆಸುಣ್ಣದ ಕೈ ಸುಮ್ಮನೆ ಕೂತಿತು.

ದುಡ್ಡು ಬಂದ ಮೇಲೆ ಅವನಿಗೆ ಮೈಕು ಸಿಕ್ಕಿತು. ಕಾಲೇಜುಗಳು ಅವನನ್ನೇ ಕರೆದು, ಕಾಲೇಜು ದಂಡ ಎಂದು ಅವನಿಂದಲೇ ಹೇಳಿಸಿಕೊಂಡು, ಹಾರ ಹಾಕಿ ಕಳಿಸುತ್ತಿದ್ದವು. "ಇಲ್ಲಿ ಕೂತಿರೋ ಲೆಕ್ಚರರ್‌ಗಳು ಸಂಬಳ ತಗೋತಾರೆ, ನಾನು ಸಂಬಳ ಕೊಡ್ತೀನಿ!" ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಪಾಪ, ಲೆಕ್ಚರರ್‌ಗಳೂ ತಟ್ಟುತ್ತಿದ್ದರು. "ಮೊದಲನೇ ಆರ್ಡರ್‌ಗೆ ಮನೆಮನೆ ಬಾಗಿಲು ತಟ್ಟಿದೀನಿ, ಯಾರೂ ಕೈ ಹಿಡೀಲಿಲ್ಲ" ಎನ್ನುವಾಗ ಅವನು ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದ. ಮುಂದಿನ ಸಾಲಿನಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಿರುತ್ತಿದ್ದ ಟೀಚರ್ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು.

ಅಂಥದೊಂದು ಭಾಷಣ ಕೇಳಿದವರಲ್ಲಿ ಅವನ ಅಕ್ಕನ ಮಗಳೂ ಇದ್ದಳು. ಸಣ್ಣ ಮೈ, ಚುರುಕು ಬಾಯಿ, ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಕೆಮಿಸ್ಟ್ರಿ ಓದುತ್ತಿದ್ದಳು, ತರಗತಿಗೇ ಮೊದಲು. ವಾರದೊಳಗೆ ಕಾಲೇಜು ಬಿಟ್ಟಳು. ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆಂದಳು.

ಅವಳ ಅಮ್ಮ ಅಳುತ್ತಾ ತಮ್ಮನ ಮನೆಗೆ ಬಂದಳು. "ನೀನಾದ್ರೂ ಬುದ್ಧಿ ಹೇಳೋ. ಅವಳಪ್ಪನ ಉಸಿರಾಟದ ತೊಂದರೆ ನಿಂಗೆ ಗೊತ್ತು, ಎಷ್ಟು ದಿನ ದುಡಿದಾರು?"

ಸಾಹುಕಾರ ಅಕ್ಕನ ಹಿಂದೆ ನಿಂತಿದ್ದ ಗುಬ್ಬಿಯ ಬೆನ್ನು ಚಪ್ಪರಿಸಿದ. "ಇದು ನನ್ನ ರಕ್ತ ಅಕ್ಕಾ! ಅಳೋದ್ಯಾಕೆ?"

"ಡಿಗ್ರಿ ಮುಗಿಸಿ ಮಾಡಲಿ" ಎಂದಳು ಟೀಚರ್. "ಸೋಪು ಎಲ್ಲಿ ಓಡಿಹೋಗತ್ತೆ?"

"ನೀನು ಟೀಚರ್. ಸಾಯೋವರೆಗೂ ನಿಂಗೆ ಮಾರ್ಕ್ಸೇ ಕಾಣೋದು" ಎಂದು ಅವನು ನಕ್ಕ. ಗುಬ್ಬಿಯೂ ನಕ್ಕಳು. ಟೀಚರ್ ಎದ್ದು ಕಾಫಿ ಮಾಡಲು ಒಳಗೆ ಹೋದಳು.

ಗುಬ್ಬಿಯ ಸೋಪು ಚೆನ್ನಾಗಿತ್ತು. ಬಟ್ಟೆ ಒಣಗಿಸುವ ಮಹಡಿಯಲ್ಲಿ ಹಲಗೆ ಜೋಡಿಸಿ ಗಟ್ಟಿಯಾಗಲು ಇಡುತ್ತಿದ್ದಳು. ಮೆಟ್ಟಿಲು ಹತ್ತುವಾಗಲೇ ನಿಂಬೆ ಸಿಪ್ಪೆಯ ಪರಿಮಳ ಬರುತ್ತಿತ್ತು. ಕೊಂಡವರು ಮತ್ತೆ ಕೇಳಿದರು. ಆದರೆ ಅಂಗಡಿಯವರು "ಮಾರಿಹೋದ್ಮೇಲೆ ದುಡ್ಡು ನೋಡೋಣ" ಎಂದು ಇಟ್ಟುಕೊಂಡು, ಹೋದ ಮೇಲೂ ಕೈ ಬಿಚ್ಚಲಿಲ್ಲ. ಇನ್ನೂ ಎರಡು ವರ್ಷ ತಳ್ಳಿದ್ದರೆ ನಿಲ್ಲುತ್ತಿತ್ತೇನೋ. ಅಷ್ಟರಲ್ಲಿ ಅವಳಪ್ಪ ಹಾಸಿಗೆ ಹಿಡಿದ. ಮಹಡಿಯ ಹಲಗೆಗಳು ಸೌದೆಯವನ ಗಾಡಿ ಹತ್ತಿದವು. ಕಾಲೇಜಿಗೆ ವಾಪಸು ಹೋಗಲು ಈಗ ಪುರುಸೊತ್ತೂ ಇಲ್ಲ, ದಾರಿಯೂ ಇಲ್ಲ.

ಗುಬ್ಬಿ ಮಾವನ ಮನೆಗೆ ಬಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಕೇಳಿದಳು. ಅಂಗಡಿಗಳ ಜೊತೆ ಮಾತಾಡಿ, ಸರಕು ಕಳಿಸುವ ಕೆಲಸ ಖಾಲಿ ಇತ್ತು. ಅದನ್ನು ಅವಳು ಕಣ್ಣು ಮುಚ್ಚಿಕೊಂಡು ಮಾಡಬಲ್ಲವಳಾಗಿದ್ದಳು.

ಸಾಹುಕಾರ ಕುರ್ಚಿಯಲ್ಲಿ ಒರಗಿದ. "ಆಫೀಸಿಗೆ ಡಿಗ್ರಿ ಇರೋರನ್ನೇ ತಗೋಬೇಕು ಅಂತ ಮ್ಯಾನೇಜರ್ ರೂಲ್ಸ್ ಮಾಡಿದಾರಮ್ಮ. ನನ್ನ ಅಕ್ಕನ ಮಗಳು ಅಂತ ನುಗ್ಗಿಸಿದ್ರೆ ಮಿಕ್ಕವರು ಏನಂತಾರೆ?"

"ನಿಮಗೂ ಡಿಗ್ರಿ ಇಲ್ವಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ಟೀಚರ್.

"ನಾನು ಓನರ್" ಎಂದ ಅವನು. ಅದರಲ್ಲಿ ಅವನಿಗೆ ಏನೂ ವಿಚಿತ್ರ ಕಾಣಲಿಲ್ಲ. "ಹೊಲಿಗೆ ವಿಭಾಗದಲ್ಲಿ ಜಾಗ ಇದೆ. ಮಿಷನ್ನು ಡಿಗ್ರಿ ಕೇಳಲ್ಲ. ಬೇಕಾದ್ರೆ ಸೋಮವಾರದಿಂದ ಬಾ."

ಗುಬ್ಬಿ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಅಳಲಿಲ್ಲ. "ಅತ್ತೆ, ನಾನು ಎಲ್ಲಿ ಎಡವಿದೆ? ಸೋಪು ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು ಕಣೇ. ನಿಮ್ಮ ಮಾವನ ಮೇಣದಬತ್ತಿಗಿಂತ ಸಾವಿರ ಪಾಲು ಚೆನ್ನಾಗಿತ್ತು." ಟೀಚರ್ ಒಲೆ ಆರಿಸಿದಳು. "ಅವರು ಕಾಲೇಜು ಬಿಟ್ರು, ನಾನು ಬಿಡ್ಲಿಲ್ಲ. ಅವರು ಬಿದ್ದಾಗಲೆಲ್ಲ ಕೆಳಗೆ ನನ್ನ ಸಂಬಳ ಹಾಸಿತ್ತು. ಮೊದಲನೇ ಆರ್ಡರ್ ನಾನೇ ತಂದುಕೊಟ್ಟೆ. ಅವರು ನಿಂತಿದ್ದು ನನ್ನ ಡಿಗ್ರಿ ಮೇಲೆ. ನಿನ್ನ ಕೆಳಗೆ ಯಾರಿದ್ರು?"

ಗುಬ್ಬಿ ತಲೆಯೆತ್ತಿದಳು.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ? ನಮ್ಮಮ್ಮ ಅತ್ತಳಲ್ಲ, ಅವತ್ತು?"

ಟೀಚರ್ ಬಾಯಿ ತೆರೆದಳು. ಗಂಡನ ಮಾನ ಎನ್ನಬೇಕೆಂದಿದ್ದಳು, ಸಂಸಾರ ಎನ್ನಬೇಕೆಂದಿದ್ದಳು. ಆರಿಸಿದ ಒಲೆಯನ್ನು ಮತ್ತೆ ಹಚ್ಚಿದಳು. ಗುಬ್ಬಿ ಲಂಗ ಕೊಡವಿಕೊಂಡು ಎದ್ದು ಹೋದಳು.

ಸೋಮವಾರ ಅವಳು ಮಿಷನ್ನಿನ ಮುಂದೆ ಕೂತಳು. ಜಿಪ್ ಹೊಲಿಯುವ ಕೆಲಸ. ತಿಂಗಳೆರಡರಲ್ಲಿ ಸಾಹುಕಾರನ ಭಾಷಣಕ್ಕೆ ಹೊಸದೊಂದು ತುಣುಕು ಸೇರಿತು: "ನನ್ನ ಸ್ವಂತ ಅಕ್ಕನ ಮಗಳು! ಆಫೀಸು ಬೇಡ ಅಂದ್ಲು. ತಳದಿಂದ ಕಲೀತೀನಿ ಮಾವ ಅಂತ ಮಿಷನ್ ಹತ್ರ ಕೂತಿದ್ದಾಳೆ!" ಅದಕ್ಕೆ ಹಿಂದಿನದೆಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು. ಅವತ್ತು ಟೀಚರ್ ಸಭೆಯ ನಡುವೆಯೇ ಎದ್ದು ಹೊರಗೆ ಬಂದಳು. ಕಾರಿನಲ್ಲಿ ಗಂಡ ಕೇಳಿದಾಗ, ಸೆಖೆಯಾಯಿತು ಎಂದಳು. ನಿಜ ಹೇಳುವುದಕ್ಕೆ ಇನ್ನೊಂದು ಸಲ ಅವಕಾಶ ಸಿಕ್ಕಿತ್ತು. ಅದನ್ನೂ ಕೈಬಿಟ್ಟಳು.

ಹಳೇ ಶಾಲೆಗೆ ಹೋಗಿ ಮತ್ತೆ ಕೆಲಸ ಸಿಗುವುದೇ ಎಂದು ಕೇಳಿ ನೋಡಿದಳು. ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಈಗ ಬೇರೆ ಯಾರೋ ಇದ್ದರು. "ನಿಮ್ಮಂಥವರಿಗೆ ಈ ಸಂಬಳ ಯಾಕೆ ಮೇಡಂ?" ಎಂದು ನಗುತ್ತಲೇ ಬಾಗಿಲವರೆಗೆ ಬಂದು ಕಳಿಸಿದರು.

ಈಗ ಅವಳು ಸಭೆಗಳಿಗೆ ಹೋಗುವುದಿಲ್ಲ. ಮಂಡಿ ನೋವು ಎನ್ನುತ್ತಾಳೆ. ಕಾರ್ಖಾನೆಗೆ ಮಾತ್ರ ಆಗಾಗ ಏನಾದರೂ ನೆಪ ಮಾಡಿಕೊಂಡು ಹೋಗುತ್ತಾಳೆ. ಸಾಲು ಮಿಷನ್ನುಗಳ ಸದ್ದಿನಲ್ಲಿ ಗುಬ್ಬಿಯ ಪಕ್ಕ ನಿಂತು, "ಹೇಗಿದ್ದೀಯೇ?" ಎಂದು ಕೇಳುತ್ತಾಳೆ. ಗುಬ್ಬಿ ಸೂಜಿಯಿಂದ ಕಣ್ಣು ತೆಗೆಯದೆ, ಉಳಿದ ಹೆಂಗಸರ ಹಾಗೆಯೇ ವಿನಯದಿಂದ ಉತ್ತರಿಸುತ್ತಾಳೆ.

"ಚೆನ್ನಾಗಿದ್ದೀನಿ ಮೇಡಂ."