ಥಂಡಿ ಕೋಣೆಯ ಬೆವರು

ನಿಂತು ನಡೆಯುವ ಕಾಲನ್ನು, ಬಿದ್ದರೆ ತಾಳಿಕೊಳ್ಳುವ ನೆಲವನ್ನು, ಇವೆರಡನ್ನೂ ಕರುಣಿಸಿದ ಪರಮಾತ್ಮನನ್ನು ಕೃತಜ್ಞತೆಯಿಂದ ನೆನೆದೇ ಈ ಮಾತು ತೆಗೆಯುತ್ತೇನೆ: ಕುಳಿತು ಆಡುವ ಆಟಗಳ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯ ಕಳೆದುಕೊಂಡವರ ಕಥೆ ಕೇಳಿ ಬೆಳೆದವನಿಗೆ ಬೇರೇನು ತೋಚೀತು?

ಕಂಪ್ಯೂಟರು ಊರಿಗೆ ಹೊಸದಾಗಿ ಬಂದಿದ್ದ ಕಾಲ. ನಾನು ಸಂಸ್ಕೃತ ಕಲಿಸಿ ನಿವೃತ್ತನಾದ ಬೆಳಗಾವಿಯ ಕಾಲೇಜಿನವರು ಕ್ರೀಡಾಕೂಟಕ್ಕೆ ನನ್ನನ್ನು ಪಂಚನಾಗಿ, ಅಂದರೆ ತೀರ್ಪುಗಾರನಾಗಿ, ಕರೆಯುತ್ತಿದ್ದರು. ಓಡಿದವನಲ್ಲ, ಎಸೆದವನಲ್ಲ, ಪಕ್ಷಪಾತಕ್ಕೆ ಬೇಕಾದಷ್ಟು ತಿಳಿವಳಿಕೆಯೂ ಇಲ್ಲದಿರುವುದೇ ನನ್ನ ಅರ್ಹತೆ.

ಆ ವರ್ಷ ಉತ್ತಮ ಆಟಗಾರನಿಗೆ ಸಲ್ಲುವ ಢಾಲಿಗೆ ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನ ಪೈಲ್ವಾನ ಪರಶುರಾಮ ಕೂದಲೆಳೆಯಷ್ಟು ಮುಂದಿದ್ದ. ಅವನ ಬೆನ್ನಿಗೇ ಶಿವಬಸವ ನಗರದ ವಿನಾಯಕ, ಬ್ಯಾಡ್ಮಿಂಟನ್ ಮತ್ತು ಟೇಬಲ್ ಟೆನಿಸ್ ಗೆದ್ದವನು. ಉಳಿದಿದ್ದುದು ಪರದೆಯ ಮೇಲೆ ಕಾರು ಓಡಿಸುವ ಹೊಸ ಸ್ಪರ್ಧೆ. ಅದನ್ನು ಕ್ರೀಡೆಯೆಂದು ಎಣಿಸಬೇಕೇ ಬೇಡವೇ ಎಂಬ ತೀರ್ಮಾನ ನನ್ನ ಕೊರಳಿಗೆ ಬಿತ್ತು. ಎಣಿಸಿದರೆ, ವಿನಾಯಕ ಗೆದ್ದರೆ, ಢಾಲು ಅವನದು.

"ಸರ್, ಬೆವರ ಬರದ ಆಟ ಆಟಾನೇನ್ರಿ?" ಸ್ಪರ್ಧೆ ನೋಡಲು ಹೊರಟ ದಾರಿಯಲ್ಲೇ ಪರಶುರಾಮ ವಕಾಲತ್ತು ಆರಂಭಿಸಿದ. "ಕುಂತಲ್ಲೇ ಕಾರ ಹೊಡ್ಯಾಂವ ಆಟಗಾರ ಅಂದ್ರ, ಖಾನಾಪುರ ಬಸ್ ಡ್ರೈವರ್ ಮಾಮಾಗ ಮೊದ್ಲ ಢಾಲ ಕೊಡ್ರಿ!"

"ಖರೇ ಅದಪಾ," ಎಂದೆ. ಸಂಶಯ ನನ್ನದೂ ಆಗಿತ್ತು. "ಬೆವರೇ ಸಾಕ್ಷಿ ಆಗ್ಲಿ. ನೋಡೂಣು."

ಯಂತ್ರಗಳಿಗೆ ಧೂಳು ತಾಗಬಾರದೆಂದು ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಚಪ್ಪಲಿ ಬಿಟ್ಟೊಡನೆ ಪರಶುರಾಮ, ಗರಡಿಮನೆಯ ರೂಢಿಯಂತೆ, ಬಗ್ಗಿ ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡ.

"ಇಲ್ಲಿ ಮಣ್ಣ ಇಲ್ಲಲೇ ಪೈಲ್ವಾನ!" ಎಂದು ಒಳಗಿನವರು ನಕ್ಕರು. ಅವನು ನಾಚಿ ಕೈ ಕೊಡವಿದ.

ಗುಡಿ, ಗರಡಿ ಬಿಟ್ಟರೆ ಬರಿಗಾಲು ಬೇಡುವ ಸ್ಥಳ ಇದೊಂದೇ ಎನಿಸಿ ನನ್ನ ಸಂಶಯ ಒಂದು ಗಳಿಗೆ ಸಡಿಲಿತು. ಪರದೆ ಕಂಡೊಡನೆ ಮತ್ತೆ ಬಿಗಿಯಿತು. ಕಾರು ಉರುಳಿ ಚೂರಾದರೂ ಮರುಕ್ಷಣ ಮೊದಲಿನಂತೆ ಓಡುತ್ತಿತ್ತು! ಮರುಜನ್ಮ ಇಷ್ಟು ಅಗ್ಗವಾದರೆ ಪುಣ್ಯ ಯಾರು ಮಾಡಿಯಾರು?

ವಿನಾಯಕ ಗೆದ್ದ. ಗೆದ್ದವನು ತನ್ನ ಪರದೆಗೆ ಕೇಕೆ ಹಾಕಿದ, ಸೋತವನು ತನ್ನ ಪರದೆಗೆ ಬೈದ. ನಡುವೆ ಹಲಗೆಯ ಅಡ್ಡಗೋಡೆ. ಪರಶುರಾಮನಿಗೆ ತಡೆಯಲಾಗಲಿಲ್ಲ.

"ಏ, ಒಬ್ಬರ ಮುಖಾ ಒಬ್ಬರು ನೋಡ್ರಲೇ ಮೊದ್ಲ!" ಎಂದವನೇ, ಕುಸ್ತಿ ಮುಗಿದಾಗ ಮಾಡುವಂತೆ ಇಬ್ಬರನ್ನೂ ಎಬ್ಬಿಸಿ, ಕೈಗೆ ಕೈ ಕೂಡಿಸಿದ. ಕೂಡಿಸಿದವನು ತನ್ನ ಅಂಗೈಯನ್ನೇ ನೋಡುತ್ತ ನಿಂತ.

"ಸರ್, ಈ ಎಸಿ ಥಂಡ್ಯಾಗೂ ಇಬ್ರ ಕೈ ಬೆವತಾವ್ರಿ."

"ಮತ್ತ ನಿನ್ನ ಢಾಲು, ಪರಶುರಾಮಾ?"

"ಹೋಗ್ಲಿ ಬಿಡ್ರಿ. ಬೆವರಿಗೆ ಸುಳ್ಳ ಅನ್ನಾಕ ಬರಂಗಿಲ್ಲ."

ಕೊಟ್ಟ ಮಾತಿನಂತೆ ಬೆವರಿನ ಸಾಕ್ಷಿ ಒಪ್ಪಿ ಅದನ್ನು ಕ್ರೀಡೆಯೆಂದೇ ಎಣಿಸಿದೆ; ಢಾಲು ವಿನಾಯಕನ ಮನೆ ಸೇರಿತು. ಕುಳಿತು ಆಡುವುದು ಕ್ರೀಡೆಯೇ ಎಂಬ ಸಂಶಯ ಮಾತ್ರ ನನ್ನಲ್ಲಿ ಇನ್ನೂ ಕುಳಿತೇ ಇದೆ. ಕೋಣೆಯೊಳಗೆ ಒಬ್ಬ ಆಟಗಾರನಿದ್ದನೆಂಬುದರಲ್ಲಿ ಸಂಶಯವಿಲ್ಲ. ಅವನು ಆ ದಿನ ಆಡಲೇ ಇಲ್ಲ, ಅಷ್ಟೆ.

ಮಣ್ಣಿನಲ್ಲಿ ಸೆಣಸಿದವರ ಬೆನ್ನನ್ನೂ ಪರದೆಯ ಮುಂದೆ ಸೆಣಸಿದವರ ಕಣ್ಣನ್ನೂ ಭಗವಂತ ಕಾಯಲಿ. ಅಡ್ಡಗೋಡೆ ಎಲ್ಲಿದ್ದರೂ, ಆಚೀಚಿನವರ ಕೈ ಕೂಡಿಸಲು ಒಬ್ಬ ಪೈಲ್ವಾನ ಸಿಗಲಿ.