ಟ್ರೇಲರಿನ ನೀರು ಲಿಯೋನಾಳ ಕೆಲಸ

ಲಿಯೋನಾ ಟ್ಯಾಕಬೆರಿಗೆ ನೀರಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹರಿಯುವ ನೀರಾದರೆ ಸರಿ, ಅದರ ಪಾಡಿಗೆ ಅದು ಹೋಗುತ್ತದೆ. ಪೈಪಿನೊಳಗೆ ಸುಮ್ಮನೆ ಕೂತ ನೀರು ಮಾತ್ರ ಏನೋ ಹುನ್ನಾರ ನಡೆಸುತ್ತಿರುತ್ತದೆ ಎಂದು ಅವಳ ತೀರ್ಮಾನ. ಆಟವಾ ಕಣಿವೆಯಲ್ಲಿ ಹಸು ಸಾಕುವವರ ಮನೆಯಲ್ಲಿ ಹುಟ್ಟಿದವಳು. ಅವಳು ಚಿಕ್ಕವಳಿದ್ದಾಗ ಒಂದು ಚಳಿಗಾಲ ಅಡುಗೆಮನೆಯ ಪೈಪು ಹೆಪ್ಪುಗಟ್ಟಿ ಸೀಳಿತು. ಬೆಳಗ್ಗೆ ಎದ್ದು ನೋಡಿದರೆ ನೆಲವೆಲ್ಲ ಮಂಜುಗಡ್ಡೆ. ಅವಳಮ್ಮ ಅದರ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಬೇಸಿಗೆಯವರೆಗೂ ಹಾಸಿಗೆ ಹಿಡಿದಳು. ಅಂದಿನಿಂದ ಲಿಯೋನಾ ನೀರನ್ನು ಗುಮಾನಿಯಿಂದಲೇ ನೋಡಿದವಳು. ದೊಡ್ಡವಳಾದ ಮೇಲೆ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅಲ್ಲಿನ ದೊಡ್ಡ ದೊಡ್ಡ ಮಷಿನುಗಳ ಪೈಪು ಸೋರಿದರೆ ಮೇಸ್ತ್ರಿ ಬರುವವರೆಗೆ ಅವಳು ಕಾಯುತ್ತಿರಲಿಲ್ಲ.

ಅವಳ ಗಂಡ ಡೆಲ್ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವನು. ಒಳ್ಳೆಯ ಮನುಷ್ಯ, ನಗುಮುಖದವನು, ನಾಲ್ಕು ಜನರಿಗೆ ಬೇಕಾದವನು. ಆದರೆ ಸ್ಪ್ಯಾನರು ಕೈಗೆ ಕೊಟ್ಟರೆ ಅದರಲ್ಲಿ ಬೆನ್ನು ತುರಿಸಿಕೊಳ್ಳುವ ಜಾತಿ.

ಇಬ್ಬರೂ ನಿವೃತ್ತರಾಗುವುದಕ್ಕೆ ಎಷ್ಟೋ ಮೊದಲೇ ಬೇಸಿಗೆ ಕಳೆಯುವವರಿಗೆಂದೇ ಇದ್ದ ಕೆರೆಯ ದಂಡೆಯ ಪಾರ್ಕಿನಲ್ಲಿ ಒಂದು ಟ್ರೇಲರ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ತಂದು ನಿಲ್ಲಿಸಿದ್ದರು. ಹೆಸರಿಗೆ ಅದಕ್ಕೆ ಗಾಲಿಗಳಿದ್ದವು. ಆದರೆ ಬಂದು ನಿಂತದ್ದು ನಿಂತಲ್ಲೇ, ಗಾಲಿಗಳ ಸುತ್ತ ಹುಲ್ಲು ಬೆಳೆದು ಅವು ಕಣ್ಣಿಗೇ ಬೀಳುತ್ತಿರಲಿಲ್ಲ. ಪಾರ್ಕಿನಲ್ಲಿ ಎಲ್ಲರದ್ದೂ ಇದೇ ಕಥೆ. ಮೇ ತಿಂಗಳ ಉದ್ದ ರಜೆಗೆ ಬಂದು ಬೀಗ ತೆಗೆದರೆ ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬೀಗ. ಆಮೇಲೆ ಮಾಲೀಕ ನೀರು ನಿಲ್ಲಿಸುತ್ತಾನೆ, ದಾರಿಯ ಮೇಲೆ ಹಿಮ ಬೀಳುತ್ತದೆ, ಟ್ರೇಲರುಗಳು ತಮ್ಮಷ್ಟಕ್ಕೆ ತಾವು ಚಳಿಯಲ್ಲಿ ನಿಂತಿರುತ್ತವೆ. ಒಳಗೆ ಎಲ್ಲೋ ಒಂದು ಲೋಟ ನೀರು ಉಳಿದರೂ ಸಾಕು, ಅದು ಗಡ್ಡೆಯಾಗಿ ಉಬ್ಬಿ ಪೈಪನ್ನು ಸೀಳಿಬಿಡುತ್ತದೆ.

ಹಾಗಾಗಿ ಹಬ್ಬದ ಮಾರನೇ ದಿನ ಪಾರ್ಕಿಗೆಲ್ಲ ಒಂದೇ ಕೆಲಸ. ಟ್ಯಾಂಕು ಖಾಲಿ ಮಾಡಬೇಕು, ಗೀಸರ್ ಖಾಲಿ ಮಾಡಬೇಕು, ಆಮೇಲೆ ಚಳಿಗೆ ಗಟ್ಟಿಯಾಗದ ಗುಲಾಬಿ ಬಣ್ಣದ ದ್ರವವನ್ನು ಪಂಪಿನಿಂದ ಪೈಪಿಗೆ ಎಳೆಸಬೇಕು. ಒಂದೊಂದೇ ನಲ್ಲಿ ತೆಗೆದು, ಗುಲಾಬಿ ಬಂತೇ ಎಂದು ನೋಡಿ ಮುಚ್ಚಬೇಕು. ಲಿಯೋನಾ ಇದನ್ನು ಮೇಷ್ಟರು ಹಾಜರಿ ಕೂಗಿದ ಹಾಗೆ ಮಾಡುತ್ತಿದ್ದಳು. ಆ ಹೊತ್ತು ಡೆಲ್ ಹತ್ತಿರ ಸುಳಿಯುವಂತಿರಲಿಲ್ಲ.

"ನೀನಿಲ್ಲಿದ್ರೆ ಒಂದು ಕೆಲಸ ಎರಡಾಗುತ್ತೆ ಕಣೋ. ಹೋಗು, ಐವರ್ ತಲೆ ತಿನ್ನು ಹೋಗು."

ಐವರ್ ಪಕ್ಕದ ಟ್ರೇಲರಿನವನು. ಡೆಲ್ ಸಂತೋಷದಿಂದ ಹೋಗಿ ಅವನ ತಲೆ ತಿನ್ನುತ್ತಿದ್ದ, ಜೊತೆಗೆ ಹಬ್ಬದಲ್ಲಿ ಉಳಿದ ಟರ್ಕಿ ಮಾಂಸವನ್ನೂ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ಸೆಪ್ಟೆಂಬರಿನಲ್ಲಿ ಲಿಯೋನಾ ಪಾತ್ರೆ ತೊಳೆಯುತ್ತಾ ನಿಂತವಳು ಹಾಗೆಯೇ ಕುಸಿದಳು. ಲಕ್ವ ಹೊಡೆದಿತ್ತು. ಪ್ರಾಣ ಉಳಿಯಿತು, ಬಲಗೈ ಸೋತಿತು, ನಾಲಿಗೆ ತಡವರಿಸಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಡಾಕ್ಟರಮ್ಮ ಡೆಲ್‌ನನ್ನು ಹೊರಗೆ ಕರೆದು, "ಕೈ ಬರುತ್ತೆ, ಮಾತೂ ಬರುತ್ತೆ. ಆದ್ರೆ ಅವ್ರಿಗೆ ಬೇಕು ಅನ್ನಿಸ್ಬೇಕು. ಈಗ ಅವ್ರಿಗೆ ಏನೂ ಬೇಡ ಅನ್ನೋ ಹಾಗಿದೆ," ಎಂದರು.

ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿದ್ದ ಹೆಂಗಸಿಗೆ ಏನೂ ಬೇಡವೆಂದರೆ ಏನರ್ಥ? ಕಣ್ಣೆದುರಿಗೇ ಇರುವವಳು ಕೈಜಾರಿ ಹೋಗುತ್ತಿದ್ದಾಳೆ ಎಂದು ಡೆಲ್‌ಗೆ ಭಯವಾಯಿತು. ಯೋಚಿಸಿ ಯೋಚಿಸಿ ಒಂದು ಉಪಾಯ ಹಿಡಿದ. ಟ್ರೇಲರನ್ನು ಅವಳು ಬಿಟ್ಟುಹೋದ ಹಾಗೆಯೇ ಕಾಪಾಡಬೇಕು. ಮೇ ತಿಂಗಳಲ್ಲಿ ಅವಳನ್ನು ಅಲ್ಲಿ ಕೂರಿಸಿ, ನಲ್ಲಿ ತಿರುಗಿಸಿ, ಟೀ ಕೊಟ್ಟರೆ ಅವಳು ವಾಪಸ್ಸು ಬರುತ್ತಾಳೆ. ಅಲ್ಲಿಯೂ ಬರದಿದ್ದರೆ ಇನ್ನೆಲ್ಲಿಯೂ ಬರುವುದಿಲ್ಲ.

ಮಗಳು ಟ್ರೂಡಿ, "ದುಡ್ಡು ಕೊಟ್ಟು ಆ ಪೈಪಿನ ಕೆಲಸ ಯಾರ ಹತ್ರಾನಾದ್ರೂ ಮಾಡಿಸಪ್ಪಾ," ಎಂದಳು. ಡೆಲ್ ಒಪ್ಪಲಿಲ್ಲ. ನಾನೇ ಮಾಡಿದೆ ಎಂದು ಲಿಯೋನಾಳಿಗೆ ಹೇಳಬೇಕೆಂಬ ಆಸೆ ಅವನಿಗೆ.

ಹಬ್ಬದ ಮಾರನೇ ದಿನ ಒಬ್ಬನೇ ಹೋದ. ಗೀಸರ್ ಬರಿದು ಮಾಡಿದ, ಪಂಪಿನ ಕೊಳವೆಯನ್ನು ಗುಲಾಬಿ ಕ್ಯಾನಿಗೆ ಇಳಿಬಿಟ್ಟ, ಸ್ವಿಚ್ ಹಾಕಿದ. ಕ್ಯಾನು ಗಟಗಟನೆ ಖಾಲಿಯಾಯಿತು. ನಲ್ಲಿಯಲ್ಲಿ ಗುಲಾಬಿಯ ಸುಳಿವಿಲ್ಲ. ಇನ್ನೊಂದು ಇಟ್ಟ, ಅದೂ ಹೋಯಿತು. ಮತ್ತೊಂದು. ಕಾರಿನಲ್ಲಿದ್ದ ಕ್ಯಾನುಗಳೆಲ್ಲ ಮುಗಿದವು. ಸೀಸನ್ ಮುಗಿದಿತ್ತು, ಹತ್ತಿರದ ಅಂಗಡಿಗೆ ಬಾಗಿಲು. ಡೆಲ್ ಖಾಲಿ ಕ್ಯಾನುಗಳ ನಡುವೆ ಮೆಟ್ಟಿಲ ಮೇಲೆ ಕುಕ್ಕರಿಸಿದ.

ಐವರ್ ಬೇಲಿಯಾಚೆಯಿಂದ ಇಣುಕಿದ. "ಏನಪ್ಪಾ ಡೆಲ್, ಕೆರೆಗೆ ಬಣ್ಣ ಬಳೀತಾ ಇದೀಯಾ?"

"ಎಲ್ಲೋ ತೂತಿದೆ ಮಾರಾಯ. ಎಲ್ಲಾ ಕುಡೀತಿದೆ, ಒಂದ್ ತೊಟ್ಟೂ ಕಕ್ತಾ ಇಲ್ಲ."

ಐವರ್ ಒಳಗೆ ಬಂದು ಬೆಂಚಿನ ಕೆಳಗೆ ಬಗ್ಗಿ ನೋಡಿದ. ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪುಣ್ಯಾತ್ಮ! ಗೀಸರ್ ದಾರಿ ಮುಚ್ಚೇ ಇಲ್ವಲ್ಲೋ! ಈ ಮೂರು ವಾಲ್ವು ತಿರುಗಿಸ್ಬೇಕು, ಆಗ ಗುಲಾಬಿ ಗೀಸರ್ ಬಿಟ್ಟು ಪಕ್ಕದಲ್ಲಿ ಹೋಗುತ್ತೆ. ನೀನು ಗೀಸರ್‌ಗೇ ಹೊಟ್ಟೆ ತುಂಬಾ ಕುಡಿಸಿದೀಯ. ಲಿಯೋನಾಗೆ ಗೊತ್ತಾದ್ರೆ ನಿನ್ನನ್ನೂ ಅದರೊಳಗೇ ತುಂಬ್ತಾಳೆ."

"ಅವಳಿಗೆ ಹೇಳ್ಬೇಡ ಕಣೋ," ಎಂದ ಡೆಲ್. ಅವನ ದನಿ ಕೇಳಿ ಐವರ್ ನಗು ನಿಲ್ಲಿಸಿದ. ತನ್ನ ಟ್ರೇಲರಿಗೆ ಹೋಗಿ ಉಳಿದಿದ್ದ ಕ್ಯಾನುಗಳನ್ನು ತಂದಿಟ್ಟ. ಮಾಡಿಕೊಡುತ್ತೇನೆ ಎಂದು ಮಾತ್ರ ಹೇಳಲಿಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ಸಂಜೆಯೊಳಗೆ ಅಡುಗೆಮನೆ, ಬಚ್ಚಲು, ಕಕ್ಕಸು, ಎಲ್ಲೆಡೆ ಗುಲಾಬಿ ಬಂತು. ಡೆಲ್‌ಗೆ ಕುಣಿಯುವಷ್ಟು ಖುಷಿಯಾಯಿತು.

ಚಳಿಗಾಲವೆಲ್ಲ ಅವನು ಪಟ್ಟಣದ ಅಪಾರ್ಟ್‌ಮೆಂಟಿನಲ್ಲಿ ಹೆಂಡತಿಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ಗುಂಡಿ ಹಾಕಿದ, ತಲೆ ಬಾಚಿದ, ಸೂಪು ಆರಿಸಿ ಕುಡಿಸಿದ. ಅವಳು ಎಡಗೈಯಲ್ಲಿ ಚಮಚ ತೆಗೆದುಕೊಳ್ಳಲು ಹೋದರೆ, "ನಿಂಗ್ಯಾಕೆ ಕಷ್ಟ, ನಾನಿಲ್ವಾ," ಎಂದು ಕಸಿದುಕೊಂಡ. ಪ್ರೀತಿಯಿಂದಲೇ ಕಸಿದುಕೊಂಡ, ಅದರಲ್ಲಿ ಎರಡು ಮಾತಿಲ್ಲ. ಹಿಮದ ನಡುವೆ ಒಂದು ದಿನ ಮೊಣಕಾಲುದ್ದ ಹೂತು ನಡೆದು ಟ್ರೇಲರ್ ನೋಡಿಕೊಂಡು ಬಂದು, "ಸಿಂಕಿನ ಬಾಯಲ್ಲಿ ಗುಲಾಬಿ ಹಾಗೇ ಇದೆ ಲೀ, ಒಂದ್ ಚೂರೂ ಗಟ್ಟಿಯಾಗಿಲ್ಲ!" ಎಂದು ವರದಿ ಒಪ್ಪಿಸಿದ. ಲಿಯೋನಾ "ಹೂಂ" ಎಂದಳು. ನಾಲಿಗೆ ಆ ಹೊತ್ತಿಗೆ ಸಾಕಷ್ಟು ಸರಿಹೋಗಿತ್ತು, ಮಾತು ಬರುತ್ತಿತ್ತು. ಅವಳೇ ಆಡುತ್ತಿರಲಿಲ್ಲ.

ಮೇ ತಿಂಗಳು ಬಂತು. ಕರಿನೊಣಗಳು ಕಿವಿಯ ಹಿಂದೆ ಕಚ್ಚುತ್ತಿದ್ದವು, ಕೆರೆಯ ಮೇಲೆ ಹಕ್ಕಿಗಳು ಕೂಗುತ್ತಿದ್ದವು. ಡೆಲ್ ಹೆಂಡತಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ಕಿಟಕಿಯ ಪಕ್ಕದ ಅವಳ ಜಾಗದಲ್ಲಿ ಕೂರಿಸಿ, ಹೊದಿಕೆ ಹೊದೆಸಿದ. ಹೊರಗೆ ಹೋಗಿ ಪಾರ್ಕಿನ ನಲ್ಲಿಗೆ ಕೊಳವೆ ಜೋಡಿಸಿ ನೀರು ಬಿಟ್ಟ. ಒಳಗೋಡಿ ಬಂದು ನಲ್ಲಿ ತಿರುಗಿಸಿದ. ಮೊದಲು ಗಾಳಿ ಉಗುಳಿತು, ಆಮೇಲೆ ಗುಲಾಬಿ ಬಂತು, ಗುಲಾಬಿ ತೆಳುವಾಗುತ್ತಾ ಹೋಗಿ ತಿಳಿನೀರು ಬಂತು.

"ನೋಡೇ! ಎಲ್ಲಾ ನಾನೇ ಮಾಡಿದ್ದು! ಹೇಗಿದೆ?"

ಲಿಯೋನಾ ನೀರನ್ನು ನೋಡಿದಳು, ಗಂಡನನ್ನು ನೋಡಿದಳು. "ಚೆನ್ನಾಗಿದೆ," ಎಂದಳು. "ಎಲ್ಲಾ ನೀನೇ ಮಾಡ್ಬಿಟ್ಟೆ." ಮತ್ತೆ ಕಿಟಕಿಯ ಕಡೆಗೆ ತಿರುಗಿದಳು.

ಡೆಲ್ ಕೈಯಲ್ಲಿ ಕೆಟಲ್ ಹಿಡಿದುಕೊಂಡು ನಿಂತೇ ಇದ್ದ. ಇಡೀ ಚಳಿಗಾಲದ ಪಾಡೆಲ್ಲ ನೀರುಪಾಲಾಯಿತು ಅನ್ನಿಸಿತು ಅವನಿಗೆ. ಎಲ್ಲಿ ತಪ್ಪಿದೆ ಎಂದು ತಿಳಿಯಲಿಲ್ಲ. ಪಾಪ, ಗಂಡಸು, ಅವಳ ಮಾತನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಆಗ ಸದ್ದು ಕೇಳಿಸಿತು. ಮಂಚದ ಕೆಳಗಿನಿಂದ ಸಣ್ಣಗೆ ಸುಸ್ ಎನ್ನುವ ಸದ್ದು. ಡೆಲ್ ಹೋಗಿ ನೋಡಿದರೆ ಗೋಡೆಯ ಮೂಲೆಯಿಂದ ನೀರು ಚಿಮ್ಮಿ ರತ್ನಗಂಬಳಿ ಒದ್ದೆಯಾಗುತ್ತಿತ್ತು. ಟ್ರೇಲರಿನ ಹೊರಗೋಡೆಗೆ, ಒಂದು ಸಣ್ಣ ಮುಚ್ಚಳದ ಹಿಂದೆ, ಮರಳು ಮೆತ್ತಿದ ಕಾಲು ತೊಳೆಯಲೆಂದು ಒಂದು ಷವರ್ ಇತ್ತು. ಯಾರೂ ಬಳಸದ ಷವರ್. ಅದೊಂದು ಇದೆಯೆಂಬುದೇ ಅವನಿಗೆ ನೆನಪಿರಲಿಲ್ಲ. ಅದರ ಪೈಪಿನಲ್ಲಿ ನೀರು ಉಳಿದು, ಗಡ್ಡೆಯಾಗಿ, ಸೀಳಿತ್ತು.

ಅವನಿಗೆ ತಲೆ ಕೆಟ್ಟಿತು. ಲಿಯೋನಾಳಿಗೆ ಕೇಳಿಸಬಾರದೆಂದು ರೇಡಿಯೊ ಜೋರು ಮಾಡಿದ. ಸೀಳಿನ ಮೇಲೆ ಟವೆಲ್ ಒತ್ತಿ ಹಿಡಿದು, ಮೊಬೈಲಿನಲ್ಲಿ ಐವರ್‌ನನ್ನು ಹುಡುಕತೊಡಗಿದ.

"ಏನದು?"

ಬಾಗಿಲಲ್ಲಿ ಲಿಯೋನಾ. ಹೊದಿಕೆ ಎಲ್ಲೋ ಬಿದ್ದಿತ್ತು. ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಿದ್ದಳು.

"ಏನಿಲ್ಲ ಲೀ, ನೀನು ಕೂತ್ಕೋ, ನಾನು ಐವರ್‌ನ..."

"ಹೊರಗಿನ ಷವರ್." ಅವಳ ಕಣ್ಣು ಕಿರಿದಾಯಿತು. "ಹೊರಗಿನ... ಷವರ್ ಬಿಟ್ಟಿದೀಯ! ಎಲ್ಲಾ ನಲ್ಲೀನೂ ಅಂದ್ರೆ ಎಲ್ಲಾ ನಲ್ಲೀನೂ ಕಣೋ! ತಲೇಲಿ ಏನ್ ತುಂಬ್ಕೊಂಡಿದೀಯ, ಬ್ರೆಡ್ಡಾ? ಟವೆಲ್ ಒತ್ತಿದ್ರೆ ನಿಲ್ಲುತ್ತಾ ಅದು? ಹೊರಗೆ ಹೋಗಿ ನೀರು ನಿಲ್ಸು ಮೊದ್ಲು! ಐವರ್ ಯಾಕೆ? ಐವರ್‌ಗೆ ಏನ್ ಗೊತ್ತಿದೆ? ಅವನ ಟ್ರೇಲರ್‌ನ ನಾಲ್ಕು ಸಲ ರಿಪೇರಿ ಮಾಡಿದೋಳು ನಾನು!"

ಡೆಲ್ ಓಡಿದ. ನೀರು ನಿಲ್ಲಿಸಿ ಬಂದಾಗ ಅವಳು ಮಂಚಕ್ಕೆ ಒರಗಿ ನೆಲದ ಮೇಲೆ, ಒದ್ದೆ ರತ್ನಗಂಬಳಿಯ ಮೇಲೆಯೇ ಕೂತಿದ್ದಳು. ಎಡಗೈಯಲ್ಲಿ ಸ್ಪ್ಯಾನರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಪೈಪಿನ ಕೆಳಗೆ ಆಸರೆಯಾಗಿ ಒತ್ತಿಟ್ಟಳು. ಬೆರಳುಗಳು ಹಿಡಿಯಲಿಲ್ಲ, ಜಾರಿದವು. ಮತ್ತೆ ಇಟ್ಟಳು. ಡೆಲ್ ಸಹಾಯಕ್ಕೆಂದು ಬಗ್ಗಿದ.

"ಕೈ ತೆಗಿ. ನಾನ್ ಹೇಳಿದಾಗ ಹಿಡಿ."

ಅವನು ಕೈ ತೆಗೆದ. ಚಳಿಗಾಲವೆಲ್ಲ ಬಾರದ ಬುದ್ಧಿ ಅವನಿಗೆ ಆಗ ಬಂತು. ತಡೆಯಲಾಗದೆ ಮಗುವಿನಂತೆ ಅತ್ತುಬಿಟ್ಟ.

ಲಿಯೋನಾ ತಲೆಯೆತ್ತಿದಳು. "ಏನಾಯ್ತು ನಿಂಗೆ?"

"ನೀನು ಬೈದೆ ಲೀ."

"ಇನ್ನೂ ಬೈತೀನಿ," ಎಂದಳು ಲಿಯೋನಾ. "ಈಗ ಹಿಡ್ಕೋ ಪೈಪು."